ಮೀನಿಗೆ ನೀರು ಹಿಡಿದಿಡಲು ಗುಜರಿಯಿಂದ ನೀಲಿ ಡ್ರಮ್ ತಂದಿದ್ದೇನೆ, ಬಳಸಬಹುದಾ?

ಗಪ್ಪಿ_ಹುಬ್ಬಳ್ಳಿ · ಭಾನುವಾರ, ಸಂಜೆ 6:10

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ಹುಬ್ಬಳ್ಳಿ. ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಬಂದ ದಿನ ಮನೆಯಲ್ಲಿರೋ ಕೊಡ, ಬಿಂದಿಗೆ, ಬಕೆಟ್ ಎಲ್ಲಾ ತುಂಬಿಸಿಕೊಳ್ಳುತ್ತೇವೆ. ಆ ಗಡಿಬಿಡಿಯಲ್ಲಿ ಮೀನಿಗೆ ಅಂತ ಬೇರೆ ನೀರು ಉಳಿಯೋದೇ ಇಲ್ಲ.

ನನ್ನದು ಮೂರು ಅಡಿ ಟ್ಯಾಂಕ್, ಸುಮಾರು 190 ಲೀಟರ್. ಗಪ್ಪಿಗಳು, ಒಂದು ಜೋಡಿ ಏಂಜೆಲ್, ನಾಲ್ಕು ಕೋರಿ ಇವೆ. ವಾರಕ್ಕೆ ಕಾಲು ಭಾಗ ಬದಲಿಸಿದರೆ 45-50 ಲೀಟರ್ ಬೇಕು. ಒಂದು ವಾರ ನೀರು ತಪ್ಪಿದರೂ ನಡೆಯಬೇಕು ಅಂದರೆ ಕಡಿಮೆ ಅಂದರೂ 100 ಲೀಟರ್ ಹಿಡಿದಿಡಬೇಕು.

ನಿನ್ನೆ ಗುಜರಿ ಅಂಗಡಿಯಲ್ಲಿ 200 ಲೀಟರಿನ ನೀಲಿ ಡ್ರಮ್ ಸಿಕ್ಕಿತು. 900 ರೂಪಾಯಿ. ತಳದಲ್ಲಿ ತ್ರಿಕೋನದೊಳಗೆ 2 ಅಂತಿದೆ. "ಇದು ಫುಡ್ ಗ್ರೇಡ್ ಐತ್ರಿ" ಅಂತ ಅಂಗಡಿಯವರು ಹೇಳಿದರು. ನಾಲ್ಕು ಸಲ ತೊಳೆದೆ. ಆದರೂ ಮುಚ್ಚಳ ತೆಗೆದ ಕೂಡಲೇ ಏನೋ ಸಿಹಿ ಘಾಟು ಬರುತ್ತೆ. "ಇದನ್ನ ಮೀನಿಗೆ ಹಾಕಬ್ಯಾಡ್ರಿ" ಅಂತ ಹೆಂಡತಿ ಹೇಳುತ್ತಿದ್ದಾಳೆ. ಅನುಭವ ಇದ್ದವರು ತಿಳಿಸಿ. ನಾಳೆ ನೀರು ಬರುವ ದಿನ.

ಬೆಟ್ಟದ_ಹಳ್ಳ · ಭಾನುವಾರ, ಸಂಜೆ 6:45

2 ಅಂದರೆ ಎಚ್‌ಡಿಪಿಇ, ಗಟ್ಟಿ ಜಾತಿಯ ಪಾಲಿಥೀನ್. ಮೀನು ಸಾಕುವವರಿಗೆ ಅದಕ್ಕಿಂತ ಒಳ್ಳೆ ಪ್ಲಾಸ್ಟಿಕ್ ಇಲ್ಲ. ಎರಡು ದಿನ ಬಿಸಿಲಲ್ಲಿ ಇಡಿ, ವಾಸನೆ ಹೋಗುತ್ತೆ. ಆಮೇಲೆ ಆರಾಮಾಗಿ ಬಳಸಿ.

ಕೆರೆಮೀನು_ಮೈಸೂರು · ಭಾನುವಾರ, ರಾತ್ರಿ 7:20

ದಯವಿಟ್ಟು ನಾಳೆ ಅದರಲ್ಲಿ ನೀರು ತುಂಬಬೇಡಿ. ತುಂಬಿದರೂ ಆ ನೀರು ಟ್ಯಾಂಕಿಗೆ ಹೋಗಬಾರದು.

ಐದು ವರ್ಷದ ಹಿಂದೆ ನಾನು ಇದೇ ತಪ್ಪು ಮಾಡಿದೆ. 50 ಲೀಟರಿನ ಕ್ಯಾನು, ಅದೂ ನಂಬರ್ 2. ಒಳಗೆ ಮೊದಲು ನೆಲ ಒರೆಸುವ ದ್ರಾವಣ ಇತ್ತು ಅಂತ ಗೊತ್ತಿತ್ತು. ಆರು ಸಲ ತೊಳೆದೆ, ಮೂರು ದಿನ ಬಿಸಿಲಿಗಿಟ್ಟೆ. ಮೂಗಿಗೆ ಏನೂ ಗೊತ್ತಾಗಲಿಲ್ಲ. ಒಂದು ವಾರ ನೀರು ಹಿಡಿದಿಟ್ಟು ಆಮೇಲೆ ಟ್ಯಾಂಕಿಗೆ ಹಾಕಿದೆ. ಒಂದು ಗಂಟೆಯೊಳಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡಲು ಶುರು ಮಾಡಿದವು. ಬೆಳಗಾಗುವಷ್ಟರಲ್ಲಿ 14 ಮೀನು ಹೋದವು. ಅದರಲ್ಲಿ ಮಗಳು ಹೆಸರಿಟ್ಟು ಸಾಕಿದ್ದ ಎರಡು ಗೌರಾಮಿಗಳೂ ಇದ್ದವು. ಅವಳಿಗೆ ಹೇಗೆ ಹೇಳಬೇಕೋ ತಿಳಿಯಲಿಲ್ಲ.

ಸೋಪು, ಡಿಟರ್ಜೆಂಟ್ ಜಾತಿಯ ವಸ್ತುಗಳು ಮೊದಲು ಹೊಡೆಯೋದು ಕಿವಿರನ್ನು. ನಾವು ಆ ನೀರನ್ನು ಬರೀ ಕುಡಿಯುತ್ತೇವೆ. ಮೀನು ಅದರಲ್ಲೇ ಉಸಿರಾಡುತ್ತೆ, ದಿನದ 24 ಗಂಟೆ. ನಮಗೆ ಏನೂ ಆಗದ ಪ್ರಮಾಣ ಅದಕ್ಕೆ ಸಾಕು.

ನಿಮ್ಮ ಮನೆಯವರ ಮಾತು ಕೇಳಿ. ಮೂಗು ಬೇಡ ಅಂದರೆ ಬೇಡ.

ಪೀಣ್ಯ_ಮೋಲ್ಡಿಂಗ್ · ಭಾನುವಾರ, ರಾತ್ರಿ 9:05

ಹುಬ್ಬಳ್ಳಿಯವರೇ, ನಾನು 18 ವರ್ಷದಿಂದ ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸದಲ್ಲಿದ್ದೇನೆ. ಮನೆಯಲ್ಲಿ ಎರಡು ಟ್ಯಾಂಕ್ ಇವೆ. ಈ ನಂಬರ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕಂದರೆ ಎಲ್ಲರೂ ಎಡವೋದು ಇಲ್ಲೇ.

ತ್ರಿಕೋನದ ನಂಬರ್ ಶುರುವಾಗಿದ್ದು 1988ರಲ್ಲಿ, ಅಮೆರಿಕದಲ್ಲಿ. ಹಳೇ ಪ್ಲಾಸ್ಟಿಕ್ ಬೇರ್ಪಡಿಸುವವರಿಗೆ ಯಾವುದು ಯಾವ ಜಾತಿ ಅಂತ ತಿಳಿಯಲಿ ಅಂತ. ಅಷ್ಟೇ ಅದರ ಕೆಲಸ. 1 ಅಂದರೆ ಪೆಟ್, ನೀರಿನ ಬಾಟಲಿಯದು. 2 ಎಚ್‌ಡಿಪಿಇ. 3 ಪಿವಿಸಿ. 4 ಎಲ್‌ಡಿಪಿಇ. 5 ಪಿಪಿ, ಅಂದರೆ ಪಾಲಿಪ್ರೊಪಿಲೀನ್. 6 ಪಾಲಿಸ್ಟೈರೀನ್. 7 ಅಂದರೆ ಉಳಿದದ್ದೆಲ್ಲ. ಈ ನಂಬರ್ ಸುರಕ್ಷತೆಯ ಸರ್ಟಿಫಿಕೇಟ್ ಅಲ್ಲ. ಕಾರ್ಖಾನೆಯಲ್ಲಿ ಅದೇ ನಂಬರ್ 2 ಮಾಲಿನಿಂದ ಹಾಲಿನ ಕ್ಯಾನೂ ಆಗುತ್ತೆ, ಕೀಟನಾಶಕದ ಬಾಟಲಿಯೂ ಆಗುತ್ತೆ.

ಇನ್ನೊಂದು ವಿಷಯ. ಪಾಲಿಥೀನ್ ಗುಣದಲ್ಲಿ ಮೇಣದ ಹಾಗೆ. ನೀರು ಅದಕ್ಕೆ ಹತ್ತುವುದಿಲ್ಲ. ಎಣ್ಣೆ, ಸಾಲ್ವೆಂಟ್, ಸುಗಂಧ ಇಂಥವು ಮಾತ್ರ ಮೆಲ್ಲಗೆ ಒಳಗೆ ಇಳಿಯುತ್ತವೆ. ಉಪ್ಪಿನಕಾಯಿ ಹಾಕಿಟ್ಟ ಪ್ಲಾಸ್ಟಿಕ್ ಡಬ್ಬ ನೆನಪಿಸಿಕೊಳ್ಳಿ. ಎಷ್ಟು ತಿಕ್ಕಿದರೂ ವಾಸನೆ ಹೋಗಲ್ಲ, ಅಲ್ವಾ? ಮೇಲ್ಮೈ ಶುಚಿಯಾಗಿರುತ್ತೆ, ಒಳಗಿನದು ದಿನಗಟ್ಟಲೆ ಹೊರಗೆ ಬರುತ್ತಲೇ ಇರುತ್ತೆ. ಬಿಸಿಲಿಗಿಟ್ಟಾಗ ಮೇಲಿನ ಪದರದ ವಾಸನೆ ಹೋಗಿ "ಆಯ್ತು" ಅನ್ನಿಸುತ್ತೆ. ಮುಚ್ಚಳ ಹಾಕಿ ವಾರ ಬಿಟ್ಟು ತೆಗೆದರೆ ಮತ್ತೆ ಅದೇ ವಾಸನೆ. ಮೈಸೂರಿನವರಿಗೆ ಆಗಿದ್ದೂ ಅದೇ ಇರಬೇಕು.

ಹಾಗಾಗಿ ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ನಂಬರ್ ಯಾವುದು ಅಂತಲ್ಲ. ಅದರೊಳಗೆ ಮೊದಲು ಏನಿತ್ತು ಅಂತ. ಡ್ರಮ್ಮಿನ ಪಕ್ಕದಲ್ಲಿ ಅಥವಾ ಮೇಲ್ಭಾಗದಲ್ಲಿ ಉಬ್ಬಿದ ಅಕ್ಷರ ಏನಾದರೂ ಇದೆಯಾ ನೋಡಿ. ಒಂದು ವೃತ್ತದೊಳಗೆ ಮೇಲೆ ಯು, ಕೆಳಗೆ ಎನ್, ಅದರ ಪಕ್ಕ 1ಎಚ್1 ಅಂತೇನಾದರೂ?

ಗಪ್ಪಿ_ಹುಬ್ಬಳ್ಳಿ · ಭಾನುವಾರ, ರಾತ್ರಿ 9:40

ಟಾರ್ಚ್ ಹಿಡಿದು ನೋಡಿದೆ ಸರ್. ಇದೆ. ವೃತ್ತದೊಳಗೆ ಯುಎನ್, ಮುಂದೆ 1ಎಚ್1, ಆಮೇಲೆ ವೈ ಅಂತ ಒಂದು ಅಕ್ಷರ, ಇನ್ನೂ ಏನೇನೋ ಅಂಕಿಗಳು. ಹಾಗಂದರೇನು?

ಪೀಣ್ಯ_ಮೋಲ್ಡಿಂಗ್ · ಭಾನುವಾರ, ರಾತ್ರಿ 10:15

ಯುಎನ್ ಅಂದರೆ ವಿಶ್ವಸಂಸ್ಥೆ. ಅದರ ನಿಯಮದಂತೆ ಅಪಾಯಕಾರಿ ವಸ್ತು ಸಾಗಿಸಲು ಪರೀಕ್ಷೆ ಮಾಡಿ ಒಪ್ಪಿದ ವಿನ್ಯಾಸ ಅಂತ ಅರ್ಥ. 1ಎಚ್1 ಅಂದರೆ ಮೇಲ್ಭಾಗ ತೆಗೆಯಲು ಬಾರದ, ಸಣ್ಣ ಬಿರಡೆಯ ಪ್ಲಾಸ್ಟಿಕ್ ಡ್ರಮ್. ಬಾಯಿ ಪೂರಾ ತೆಗೆಯುವಂಥದ್ದು 1ಎಚ್2. ಕ್ಯಾನು ಆದರೆ 3ಎಚ್1. ಎಕ್ಸ್, ವೈ, ಝಡ್ ಅಂದರೆ ಎಷ್ಟು ಅಪಾಯದ ಸರಕು ಹಾಕಬಹುದು ಅನ್ನೋದು. ಎಕ್ಸ್ ಇದ್ದರೆ ಅತಿ ಅಪಾಯದ್ದನ್ನೂ ಹಾಕಬಹುದು. ವೈ ಅಂದರೆ ಮಧ್ಯಮ ಮತ್ತು ಅದಕ್ಕಿಂತ ಕಡಿಮೆಯದು.

ಈ ಗುರುತು ಇದ್ದ ಮಾತ್ರಕ್ಕೆ ಒಳಗೆ ವಿಷವೇ ಇತ್ತು ಅಂತಲ್ಲ. ಅದೇ ಡ್ರಮ್ಮಿನಲ್ಲಿ ಸಾಧಾರಣ ಸರಕನ್ನೂ ಕಳಿಸುತ್ತಾರೆ. ಆದರೆ ಗುರುತು ನೋಡಿದ ಮೇಲೆ ಅಂಗಡಿಯವರನ್ನು ಕೇಳದೆ ಮುಂದೆ ಹೋಗಬೇಡಿ. "ಎಲ್ಲಿಂದ ಬಂದ ಲಾಟು ಇದು" ಅಂತ ಕೇಳಿ. ಗುಜರಿಯವರಿಗೆ ಅದು ಗೊತ್ತಿರುತ್ತೆ.

ಬೆಟ್ಟದ_ಹಳ್ಳ · ಭಾನುವಾರ, ರಾತ್ರಿ 10:30

ಸರ್, ನಾನು ಹೇಳಿದ್ದು ತಪ್ಪಾಯಿತು. ಹೊಸ ಡ್ರಮ್ಮಿಗೆ ಸರಿಯಾದ ಮಾತನ್ನು ಹಳೇದಕ್ಕೂ ಹೇಳಿಬಿಟ್ಟೆ. ಹುಬ್ಬಳ್ಳಿಯವರು ಕ್ಷಮಿಸಿ.

ನಾಗರಬಾವಿ_ಟೆಟ್ರಾ · ಸೋಮವಾರ, ಬೆಳಿಗ್ಗೆ 8:15

ಒಳ್ಳೆ ಚರ್ಚೆ. ನಂದೂ ಒಂದು ಪ್ರಶ್ನೆ. 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಬೋರುಗಳು ಬತ್ತಿದಾಗ ನಾವೆಲ್ಲ ಸಿಕ್ಕ ಸಿಕ್ಕ ಪಾತ್ರೆ ತುಂಬಿಸಿಟ್ಟುಕೊಂಡೆವಲ್ಲ, ಆಗ ಮನೆಯಲ್ಲಿ 20 ಲೀಟರಿನ ಪೇಂಟ್ ಬಕೆಟ್‌ಗಳು ಏಳೆಂಟು ಸೇರಿದವು. ಈಗಲೂ ಬಚ್ಚಲಲ್ಲಿ ಬಳಸುತ್ತೇವೆ. ಗಟ್ಟಿ ಬಕೆಟ್, ಮುಚ್ಚಳವೂ ಬಿಗಿ. ಮೀನಿನ ನೀರಿಗೆ ಆಗುತ್ತಾ? ಪೇಂಟ್ ಎಲ್ಲಾ ಸಿಪ್ಪೆ ಹಾಗೆ ಎದ್ದು ಬಂದಿದೆ, ಒಳಗೆ ಪೂರಾ ಬಿಳಿ.

ಪೀಣ್ಯ_ಮೋಲ್ಡಿಂಗ್ · ಸೋಮವಾರ, ಬೆಳಿಗ್ಗೆ 8:50

ಬೇಡ. ಬಕೆಟ್ ಪಿಪಿ, ಒಳ್ಳೆ ಮಾಲೇ. ಆದರೆ ನೀರಿನ ಪೇಂಟ್ ಡಬ್ಬದೊಳಗೆ ಕೆಡದಿರಲಿ ಅಂತ ಅದಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ರಾಸಾಯನಿಕ ಹಾಕಿರುತ್ತಾರೆ. ಹೊರಗೋಡೆಯ ಪೇಂಟಿಗೆ ಪಾಚಿ, ಬೂಷ್ಟು ಹಿಡಿಯದಿರಲು ಇನ್ನೂ ಬೇರೆ ಸೇರುತ್ತೆ. ಪಾಚಿ ಕೊಲ್ಲಲು ಮಾಡಿದ ವಸ್ತು ನಿಮ್ಮ ಟ್ಯಾಂಕಿನ ಗಿಡಕ್ಕೆ, ಮೀನಿನ ಹೊಲಸು ಅರಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾಗೆ ಒಳ್ಳೇದು ಮಾಡಲ್ಲ. ಬಚ್ಚಲಿಗೇ ಇರಲಿ.

ಹಂಡೆ_ಶಿರಸಿ · ಸೋಮವಾರ, ಬೆಳಿಗ್ಗೆ 9:30

ಇಷ್ಟೆಲ್ಲ ಪ್ಲಾಸ್ಟಿಕ್ ತಲೆಬಿಸಿ ಯಾಕೆ? ನಮ್ಮ ಮನೆಯಲ್ಲಿ ಅಜ್ಜಿ ಕಾಲದ ತಾಮ್ರದ ಹಂಡೆ ಎರಡಿವೆ. ತಾಮ್ರದಲ್ಲಿಟ್ಟ ನೀರು ಆರೋಗ್ಯಕ್ಕೆ ಒಳ್ಳೇದು ಅಂತಾರಲ್ಲ, ಮೀನಿಗೂ ಆಗಬಹುದಲ್ವಾ?

ಕೆರೆಮೀನು_ಮೈಸೂರು · ಸೋಮವಾರ, ಬೆಳಿಗ್ಗೆ 9:45

ಅಯ್ಯೋ, ಅದು ಮಾತ್ರ ಬೇಡವೇ ಬೇಡ. ತಾಮ್ರ ಮೀನಿಗೆ ವಿಷ. ಸಿಗಡಿ, ಬಸವನಹುಳುಗಳಿಗಂತೂ ಚೂರು ಸಾಕು. ಮೀನಿನ ಕೆಲವು ಪರೋಪಜೀವಿ ರೋಗಗಳಿಗೆ ತಾಮ್ರವನ್ನೇ ಔಷಧಿಯಾಗಿ ಅಳೆದು ಅಳೆದು ಹಾಕೋದು, ಅಷ್ಟು ಬಲ ಅದಕ್ಕೆ. ಮೆದು ನೀರಿನಲ್ಲಿ ಇನ್ನೂ ಅಪಾಯ. ನಿಮ್ಮ ಮಲೆನಾಡಿನ ನೀರು ಮೆದು. ಹಿತ್ತಾಳೆ ಕೊಡಕ್ಕೂ ಇದೇ ಮಾತು. ಸತುವಿನ ಲೇಪ ಇರುವ ಕಬ್ಬಿಣದ ಬಕೆಟ್ಟೂ ಬೇಡ. ಸ್ಟೀಲ್ ಆಗುತ್ತೆ.

ಉಪ್ಪುನೀರು_ಮಂಗಳೂರು · ಸೋಮವಾರ, ಮಧ್ಯಾಹ್ನ 1:20

ತಾಮ್ರದ ಮಾತು ಬಂತಲ್ಲ, ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಡ್ರಮ್ ಒಳ್ಳೇದೇ ಆಯ್ದು, ಕೆಳಗೆ ಹಿತ್ತಾಳೆ ನಲ್ಲಿ ಕೂರಿಸುವವರು ತುಂಬ ಜನ. ಹಿತ್ತಾಳೆಯಲ್ಲಿ ಇರೋದು ತಾಮ್ರ ಮತ್ತು ಸತು. ನನ್ನದು ಸಮುದ್ರ ಮೀನಿನ ಟ್ಯಾಂಕ್. ಆರ್‌ಒ ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಬೆರೆಸಿ ಒಂದು ದಿನ ಡ್ರಮ್ಮಿನಲ್ಲಿ ತಿರುಗಿಸುತ್ತೇನೆ. ಉಪ್ಪುನೀರು ಲೋಹವನ್ನು ಬಿಡಲ್ಲ. ಒಂದು ಸಣ್ಣ ಕಬ್ಬಿಣದ ಕ್ಲಿಪ್ ಒಳಗೆ ಬಿದ್ದಿದ್ದು ಗೊತ್ತಾಗದೆ ಒಂದಿಡೀ ಡ್ರಮ್ ನೀರು ಚೆಲ್ಲಿದ್ದೇನೆ.

ನಲ್ಲಿ, ವಾಷರ್, ಪೈಪು, ಇವನ್ನೂ ಡ್ರಮ್ಮಿನಷ್ಟೇ ಗಮನದಿಂದ ನೋಡಿ. ತೋಟಕ್ಕೆ ನೀರು ಬಿಡುವ ಬಣ್ಣದ ಮೆತ್ತನೆ ಪೈಪು ಪಿವಿಸಿ. ಅದು ಮೆತ್ತಗಾಗಲು ಥ್ಯಾಲೇಟ್ ಅನ್ನುವ ಎಣ್ಣೆಯಂಥ ವಸ್ತು ಸೇರಿಸಿರುತ್ತಾರೆ. ಬಿಸಿಲಲ್ಲಿ ಬಿದ್ದ ಪೈಪಿನಲ್ಲಿ ನಿಂತ ಮೊದಲ ನೀರಿನ ವಾಸನೆ ನೋಡಿ, ನಿಮಗೇ ಗೊತ್ತಾಗುತ್ತೆ. ಆ ಮೊದಲ ನೀರನ್ನು ಗಿಡಕ್ಕೆ ಬಿಡಿ, ಟ್ಯಾಂಕಿಗೆ ಬೇಡ. ಗಟ್ಟಿ ಪಿವಿಸಿ ಕೊಳವೆಯಲ್ಲಿ ಈ ತೊಂದರೆ ಇಲ್ಲ.

ಗಪ್ಪಿ_ಹುಬ್ಬಳ್ಳಿ · ಸೋಮವಾರ, ಸಂಜೆ 7:30

ಇವತ್ತು ನೀರು ಬಂತು. ಡ್ರಮ್ ಹಾಗೇ ಖಾಲಿ ಬಿಟ್ಟೆ. ಅಡುಗೆಮನೆಯ ಎರಡು ಸ್ಟೀಲ್ ಕೊಳಗ ಬೇಡಿ ಪಡೆದು ಮೀನಿಗೆ 40 ಲೀಟರ್ ಹಿಡಿದೆ.

ಗುಜರಿ ಅಂಗಡಿಗೂ ಹೋಗಿದ್ದೆ. ಎರಡು ಸಲ ಕೇಳಿದ ಮೇಲೆ ಹೇಳಿದರು. ಊದುಬತ್ತಿ ಮಾಡುವ ಕಡೆಯಿಂದ ಬಂದ ಲಾಟಂತೆ. ಆ ಸಿಹಿ ಘಾಟು ಸೆಂಟಿನದು!

ಪೀಣ್ಯ_ಮೋಲ್ಡಿಂಗ್ · ಸೋಮವಾರ, ರಾತ್ರಿ 8:40

ಹಾಗಾದರೆ ಖಂಡಿತ ಬೇಡ. ಊದುಬತ್ತಿಗೆ ಬಳಸುವ ಸುಗಂಧವನ್ನು ತೆಳು ಮಾಡಲು ಸಾಮಾನ್ಯವಾಗಿ ಡಿಇಪಿ ಅನ್ನುವ ದ್ರವ ಬೆರೆಸುತ್ತಾರೆ. ಪೂರ್ತಿ ಹೆಸರು ಡೈಈಥೈಲ್ ಥ್ಯಾಲೇಟ್. ಮಂಗಳೂರಿನವರು ಹೇಳಿದರಲ್ಲ, ಅದೇ ಕುಟುಂಬದ್ದು. ಎಣ್ಣೆಯ ಹಾಗಿರುತ್ತೆ, ಸುಗಂಧದ ಜೊತೆ ಡ್ರಮ್ಮಿನ ಗೋಡೆಯೊಳಗೆ ಇಳಿದಿರುತ್ತೆ. ಅದು ನೀರಿಂದ ತೊಳೆದು ಹೋಗುವಂಥದ್ದಲ್ಲ.

ನೋಡಿ, ತಳದಲ್ಲಿ ನಂಬರ್ 2 ಇತ್ತು. ಎಚ್‌ಡಿಪಿಇಯಲ್ಲಿ ಥ್ಯಾಲೇಟ್ ಇರಲ್ಲ ಅನ್ನೋದೂ ನಿಜವೇ. ಹಾಗಿದ್ದೂ ಈ ಡ್ರಮ್ಮಿನ ಗೋಡೆಗೆ ಅದು ಸೇರಿದೆ. ಹೊಸ ಎಚ್‌ಡಿಪಿಇಗೆ ಸರಿಯಾದ ಮಾತು ಈ ಡ್ರಮ್ಮಿಗೆ ಸರಿಯಲ್ಲ.

ಕುಡಿಯುವ ನೀರಿಗೂ ಬೇಡ, ದನದ ನೀರಿಗೂ ಬೇಡ.

ಕೆರೆಮೀನು_ಮೈಸೂರು · ಸೋಮವಾರ, ರಾತ್ರಿ 9:00

ಮನೆಯವರ ಮೂಗಿಗೆ ನನ್ನ ನಮಸ್ಕಾರ ತಿಳಿಸಿ.

ನಾಗರಬಾವಿ_ಟೆಟ್ರಾ · ಸೋಮವಾರ, ರಾತ್ರಿ 9:25

ಹಾಗಾದರೆ ಕೊಳ್ಳೋದು ಏನನ್ನ? ಹೊಸದು ತಗೊಂಡರೂ ಅದು ಮರುಬಳಕೆ ಮಾಲಾ, ವರ್ಜಿನ್ ಮಾಲಾ ಅಂತ ನಮಗೆ ಹೇಗೆ ತಿಳಿಯುತ್ತೆ?

ಪೀಣ್ಯ_ಮೋಲ್ಡಿಂಗ್ · ಸೋಮವಾರ, ರಾತ್ರಿ 10:30

ನಾನು ಅಂಗಡಿಯಲ್ಲಿ ಹೇಗೆ ನೋಡುತ್ತೇನೆ ಅಂತ ಹೇಳುತ್ತೇನೆ.

ಮೊದಲು ಬಣ್ಣ. ಬಣ್ಣ ಹಾಕದ ಹಾಲುಬಿಳಿ ಪಾತ್ರೆ, ಬೆಳಕಿಗೆ ಹಿಡಿದರೆ ಮಂಜು ಮಂಜಾಗಿ ಕಾಣುವಂಥದ್ದು, ನನಗೆ ಹೆಚ್ಚು ನಂಬಿಕೆ. ಅದರಲ್ಲಿ ಕಲಬೆರಕೆ ಮಾಲು ಮುಚ್ಚಿಡೋದು ಕಷ್ಟ. ಕಪ್ಪು, ಗಾಢ ಕಂದು, ಕೆಸರು ಹಸಿರು, ಬಣ್ಣ ಒಂದೇ ಸಮ ಇಲ್ಲದ ಅಗ್ಗದ ಬಕೆಟ್‌ಗಳನ್ನು ಬಿಡಿ. ನಾನಾ ಕಡೆಯ ಹಳೇ ಪ್ಲಾಸ್ಟಿಕ್ ಪುಡಿ ಮಾಡಿ ಕರಗಿಸಿದಾಗ ಬರುವ ಬಣ್ಣ ಬೇರೆಬೇರೆ ಇರುತ್ತೆ, ಅದನ್ನು ಮುಚ್ಚಲು ಕಪ್ಪು ಹಾಕಬೇಕಾಗುತ್ತೆ. ಹಳೇ ಟಿವಿ, ಕಂಪ್ಯೂಟರ್ ಹೊರಕವಚದ ಪ್ಲಾಸ್ಟಿಕ್ಕೂ ಕಪ್ಪು ಮಾಲಿನಲ್ಲಿ ಸೇರಿಕೊಂಡಿರಬಹುದು. ಅದರಲ್ಲಿ ಬೆಂಕಿ ತಡೆಯುವ ಬ್ರೋಮಿನ್ ರಾಸಾಯನಿಕ ಇರುತ್ತೆ. ಎಲ್ಲಾ ಕಪ್ಪೂ ಕೆಟ್ಟದ್ದು ಅಂತಲ್ಲ. ತಾರಸಿಯ ಕಪ್ಪು ಟ್ಯಾಂಕಿಗೆ ಕಾರ್ಬನ್ ಬ್ಲ್ಯಾಕ್ ಹಾಕೋದು ಬಿಸಿಲಿಗೆ ಸೀಳದಿರಲಿ ಅಂತ. ಅದರ ಮೇಲೆ ಐಎಸ್ 12701 ಅಂತ ಐಎಸ್‌ಐ ಗುರುತು ಇದೆಯಾ ನೋಡಿ. ಪಾಲಿಥೀನ್ ನೀರಿನ ಟ್ಯಾಂಕಿನ ಮಾನದಂಡ ಅದು.

ಎರಡನೇದು ಗುರುತು. ಲೋಟ ಮತ್ತು ಫೋರ್ಕಿನ ಚಿತ್ರ ಇದ್ದರೆ ಆಹಾರಕ್ಕೆ ತಾಗಬಹುದು ಅಂತ ತಯಾರಿಸಿದವರು ಹೇಳಿದ ಹಾಗೆ. ಜೊತೆಗೆ ತಯಾರಿಸಿದವರ ಹೆಸರು, ವಿಳಾಸ ಇರಬೇಕು. ಹೆಸರೇ ಇಲ್ಲದ ಡಬ್ಬಕ್ಕೆ ಬರೀ ಚಿತ್ರ ಇದ್ದರೆ ನಾನು ನಂಬಲ್ಲ.

ಆಮೇಲೆ ತೇಲಿಸೋ ಪರೀಕ್ಷೆ. ಗುರುತೇ ಇಲ್ಲದ ಪಾತ್ರೆಯ ಅಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿ ನೀರಿಗೆ ಹಾಕಿ. ಪಿಪಿಯ ಸಾಂದ್ರತೆ 0.9ರ ಆಸುಪಾಸು, ಎಚ್‌ಡಿಪಿಇ 0.95ರ ಆಸುಪಾಸು. ಎರಡೂ ತೇಲುತ್ತವೆ. ಪೆಟ್ 1.38, ಪಿವಿಸಿಯೂ ಹತ್ತಿರ ಹತ್ತಿರ ಅಷ್ಟೇ, ಮುಳುಗುತ್ತವೆ. ಪಿಪಿ ಅಂತ ಬರೆದ ಬಕೆಟ್ಟಿನ ಚೂರು ಮುಳುಗಿದರೆ ಅದಕ್ಕೆ ಸುಣ್ಣಕಲ್ಲಿನ ಪುಡಿಯಂಥದ್ದು ಜಾಸ್ತಿ ತುಂಬಿದ್ದಾರೆ ಅಂತ ತಿಳಿಯಿರಿ. ಚೂರಿನ ಮೇಲೆ ಗಾಳಿಗುಳ್ಳೆ ಕೂತಿದ್ದರೆ ಬೆರಳಿಂದ ಒರೆಸಿ ನೋಡಿ, ಇಲ್ಲದಿದ್ದರೆ ಸುಮ್ನೆ ಮೋಸ ಹೋಗ್ತೀರಿ.

"ಆ್ಯಂಟಿ ಬ್ಯಾಕ್ಟೀರಿಯಲ್" ಅಂತ ಬರೆದ ಯಾವ ಪಾತ್ರೆಯೂ ಬೇಡ. ನಮ್ಮ ಟ್ಯಾಂಕ್ ನಡೆಯೋದೇ ಬ್ಯಾಕ್ಟೀರಿಯಾದಿಂದ.

ಹೊಸದು ತಂದ ಮೇಲೆ ವಾಸನೆ ಪರೀಕ್ಷೆ ಮಾಡಿ. ಕೈ ಹಾಕಿದರೆ ಸುಡುವಷ್ಟು ಬಿಸಿ ನೀರು, ಕುದಿಯುವುದು ಬೇಡ, ಅರ್ಧ ತುಂಬಿಸಿ. ಮುಚ್ಚಳ ಬಿಗಿಯಾಗಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಚ್ಚಳ ತೆಗೆದಾಗ, ಆ ಕೋಣೆಯಲ್ಲಿ ಇಲ್ಲದ ಇನ್ನೊಬ್ಬರನ್ನು ಕರೆದು ಮೂಸಲು ಹೇಳಿ. ನಮ್ಮ ಮೂಗು ಬೇಗ ಒಗ್ಗಿಬಿಡುತ್ತೆ. ಅದೇ ನೀರನ್ನು ಒಂದು ಬಾಟಲಿಗೆ ಅರ್ಧ ಹಾಕಿ ಜೋರಾಗಿ ಅಲ್ಲಾಡಿಸಿ. ಇನ್ನೊಂದು ಬಾಟಲಿಗೆ ಬರೀ ನಲ್ಲಿ ನೀರು ಹಾಕಿ ಅದನ್ನೂ ಅಲ್ಲಾಡಿಸಿ. ಮೊದಲನೇದರಲ್ಲಿ ಮಾತ್ರ ನೊರೆ ನಿಂತರೆ ಇನ್ನೂ ತೊಳೆಯಬೇಕು. ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಹೊಡೆಯುವ ಸ್ಪ್ರೇ ಅಂಟಿಕೊಂಡಿರಬಹುದು. ಕಲ್ಲುಪ್ಪು ಹಾಕಿ ಹೊಸ ಬಟ್ಟೆಯಿಂದ ತಿಕ್ಕಿದರೆ ಹೋಗುತ್ತೆ.

ಬೆಟ್ಟದ_ಹಳ್ಳ · ಮಂಗಳವಾರ, ಬೆಳಿಗ್ಗೆ 7:50

ಸೋಪು ಕಿವಿರನ್ನು ಹೊಡೆಯುತ್ತೆ ಅಂದಿರಿ. ಹಾಗಾದರೆ ಪಾತ್ರೆ ತೊಳೆಯಲು ಸೀಗೆಪುಡಿ, ಅಂಟುವಾಳ ಆಗಬಹುದಲ್ಲ? ಅವು ನೈಸರ್ಗಿಕ.

ಹಂಡೆ_ಶಿರಸಿ · ಮಂಗಳವಾರ, ಬೆಳಿಗ್ಗೆ 8:30

ಇದಕ್ಕೆ ನಾನು ಉತ್ತರ ಹೇಳಬಲ್ಲೆ. ಬೇಡ! ನಮ್ಮ ಕಡೆ ಹಿಂದೆ ಹಳ್ಳದಲ್ಲಿ ಮೀನು ಹಿಡಿಯಲು ಕಾರೆಕಾಯಿ ಜಜ್ಜಿ ನೀರಿಗೆ ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಮೀನು ಮತ್ತು ಬಂದಂತಾಗಿ ತೇಲುತ್ತಿದ್ದವು. ಅದರಲ್ಲಿರೋದು ಸಾಪೋನಿನ್. ಸೀಗೆ, ಅಂಟುವಾಳದ ನೊರೆಯೂ ಅದೇ ಸಾಪೋನಿನ್. ನಮ್ಮ ತಲೆಗೂದಲಿಗೆ ಒಳ್ಳೇದು, ಕಿವಿರಿಗಲ್ಲ. ಎಣ್ಣೆ ಜಿಡ್ಡು ಇದ್ದರೆ ಅಡುಗೆ ಸೋಡಾ, ಬಿಸಿನೀರು ಸಾಕು.

ಬೆಟ್ಟದ_ಹಳ್ಳ · ಮಂಗಳವಾರ, ಬೆಳಿಗ್ಗೆ 8:40

ಕಾರೆಕಾಯಿ ನಾನೂ ಚಿಕ್ಕಂದಿನಲ್ಲಿ ನೋಡಿದ್ದೇನೆ. ಇದಕ್ಕೂ ಅದಕ್ಕೂ ನಂಟಿದೆ ಅಂತ ಇವತ್ತು ತಿಳಿಯಿತು. ತುಂಬ ಉಪಕಾರ.

ಬೇಏರಿಯಾ_ಕನ್ನಡಿಗ · ಮಂಗಳವಾರ, ಬೆಳಿಗ್ಗೆ 10:10

ಇಲ್ಲಿ ಅಮೆರಿಕದಲ್ಲಿ ಉಪ್ಪುನೀರು ಬೆರೆಸಲು ಹೊಸ ಕಸದ ಡಬ್ಬ ಕೊಂಡು ಬಳಸುವವರು ಬಹಳ. ರಬ್ಬರ್‌ಮೇಡ್‌ನ ಬ್ರೂಟ್ ಅಂತ ದಪ್ಪ ಡಬ್ಬ. ಕೇಳಿದರೆ ಆಶ್ಚರ್ಯ ಆಗುತ್ತೆ, ಆದರೆ ಅದು ಹೊಸದು, ಕಸ ಒಂದು ದಿನವೂ ಬಿದ್ದಿಲ್ಲ. ಪೀಣ್ಯದವರ ಮಾತು ಇಲ್ಲಿಗೂ ಸರಿಹೊಂದುತ್ತೆ.

ನೀರು ಹಿಡಿದಿಟ್ಟರೆ ಕ್ಲೋರಿನ್ ತಾನೇ ಹೋಗುತ್ತೆ ಅಂತ ನಂಬಿ ನಾನು ಇಲ್ಲಿಗೆ ಬಂದ ಹೊಸದರಲ್ಲಿ ಮೀನು ಕಳೆದುಕೊಂಡೆ. ಸ್ಯಾನ್ ಫ್ರಾನ್ಸಿಸ್ಕೊ ನಗರದ ನೀರಿಗೆ 2004ರಿಂದ ಕ್ಲೋರಿನ್ ಬದಲು ಕ್ಲೋರಮೈನ್ ಹಾಕುತ್ತಾರೆ. ಅದು ಎರಡು ದಿನ ಇಟ್ಟರೂ ಹೋಗಲ್ಲ. ಅದಕ್ಕೆ ಬೇರೆ ಔಷಧಿ ಬೇಕು. ಹೊರದೇಶದಲ್ಲಿರುವ ನಮ್ಮವರು ಮೊದಲು ನಿಮ್ಮ ಊರಿನ ನೀರಿಗೆ ಏನು ಹಾಕುತ್ತಾರೆ ಅಂತ ತಿಳಿದುಕೊಳ್ಳಿ.

ಕೆರೆಮೀನು_ಮೈಸೂರು · ಮಂಗಳವಾರ, ಬೆಳಿಗ್ಗೆ 11:00

ನಮ್ಮ ಕಡೆ ನಲ್ಲಿ ನೀರಿಗೆ ಸಾಮಾನ್ಯವಾಗಿ ಹಾಕೋದು ಕ್ಲೋರಿನ್ನೇ. ಆದರೆ ಅದು ಹೋಗಬೇಕಾದರೆ ಗಾಳಿ ಬೇಕು. ಡ್ರಮ್ಮಿಗೆ ಬಿಗಿ ಮುಚ್ಚಳ ಹಾಕಿ "ಎರಡು ದಿನ ಇಟ್ಟಿದ್ದೆ" ಅಂದರೆ ಆಗಲ್ಲ. ಬಾಯಿ ತೆರೆದಿಟ್ಟು ಹತ್ತಿ ಬಟ್ಟೆ ಕಟ್ಟಿ, ಒಳಗೆ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಬಿಡಿ. ಒಂದು ದಿನ ಸಾಕು. ಬೇಗ ಬೇಕಾದರೆ ಹೈಪೋ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್. 1 ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು 7 ಮಿಲಿಗ್ರಾಂ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇದ್ದರೂ 100 ಲೀಟರಿಗೆ ಮುಕ್ಕಾಲು ಗ್ರಾಮಿನೊಳಗೇ ಮುಗಿಯುತ್ತೆ. ಹಿಡಿ ಹಿಡಿ ಸುರಿಯಬೇಡಿ.

ಸಿಗಡಿ_ಶಿವಮೊಗ್ಗ · ಮಂಗಳವಾರ, ರಾತ್ರಿ 8:15

ಬಟ್ಟೆ ಕಟ್ಟುವ ಮಾತು ಬಂತು, ನನ್ನ ಕಥೆ ಹೇಳಲೇಬೇಕು. ಚೆರ್ರಿ ಸಿಗಡಿ ಸಾಕುತ್ತೇನೆ. ಹೊಸ ಡ್ರಮ್, ಎಲ್ಲಾ ಪರೀಕ್ಷೆ ಮಾಡಿದ್ದು, ಒಂದು ವರ್ಷ ಏನೂ ತೊಂದರೆ ಇರಲಿಲ್ಲ. ಹೋದ ಮಳೆಗಾಲದಲ್ಲಿ ನೀರು ಬದಲಿಸಿದ ಮರುದಿನ ಅರವತ್ತಕ್ಕೂ ಹೆಚ್ಚು ಸಿಗಡಿ ಸತ್ತವು. ಮೀನು ಒಂದೂ ಸಾಯಲಿಲ್ಲ. ಡ್ರಮ್ ಕೆಟ್ಟಿತಾ ಅಂತ ತಲೆ ಕೆಡಿಸಿಕೊಂಡೆ.

ಆಮೇಲೆ ಅಮ್ಮ ಹೇಳಿದರು. ಡೆಂಗಿ ತಪಾಸಣೆಗೆ ಬಂದವರು ಹಿತ್ತಲಿನ ಡ್ರಮ್ಮಿಗೆ ಏನೋ ಮದ್ದು ಹಾಕಿ ಹೋಗಿದ್ದರಂತೆ. ಅದು ಟೆಮೆಫಾಸ್. ಸೊಳ್ಳೆ ಮರಿ ಕೊಲ್ಲಲು ನಿಂತ ನೀರಿಗೆ ಹಾಕುವ ಮದ್ದು. ಆ ಪ್ರಮಾಣದಲ್ಲಿ ಮೀನು ಉಳಿದರೂ ಸಿಗಡಿ ಉಳಿಯಲ್ಲ. ಅವರದು ತಪ್ಪೇ ಅಲ್ಲ. ಬಟ್ಟೆ ಕಟ್ಟದೆ ಬಿಟ್ಟಿದ್ದೆ, ನೀರಿನಲ್ಲಿ ಮರಿಗಳು ಇದ್ದವು. 2024ರಲ್ಲಿ ರಾಜ್ಯದಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿದ್ದು ನೆನಪಿರಬಹುದು. ಈಡಿಸ್ ಸೊಳ್ಳೆಗೆ ಬೇಕಾಗಿರೋದೂ ಇದೇ, ಮನೆ ಪಕ್ಕದ ತಿಳಿ ನೀರು. ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ, ಹತ್ತು ದಿನ ಸಾಕು. ನಾವು ನೀರು ಹಿಡಿದಿಡುವ ಅವಧಿಯೂ ಅಷ್ಟೇ, ಅಲ್ವಾ?

ಈಗ ಸಣ್ಣ ಕಣ್ಣಿನ ಬಟ್ಟೆ ಹಾಕಿ ರಬ್ಬರಿನಿಂದ ಬಿಗಿಯುತ್ತೇನೆ. ಡ್ರಮ್ ಮೇಲೆ ದಪ್ಪ ಅಕ್ಷರದಲ್ಲಿ "ಮೀನಿನ ನೀರು, ಮದ್ದು ಹಾಕಬೇಡಿ, ಮನೆಯವರನ್ನು ಕರೆಯಿರಿ" ಅಂತ ಬರೆದಿದ್ದೇನೆ. ಬಂದವರಿಗೆ ಬಟ್ಟೆ ತೆಗೆದು ತೋರಿಸುತ್ತೇನೆ. ಮರಿ ಇಲ್ಲದಿದ್ದರೆ ಅವರೂ ಹಾಕಲ್ಲ.

ಉಪ್ಪುನೀರು_ಮಂಗಳೂರು · ಮಂಗಳವಾರ, ರಾತ್ರಿ 9:10

ಇದು ನನಗೆ ಹೊಳೆದೇ ಇರಲಿಲ್ಲ. ಇವತ್ತೇ ಬರೆದು ಅಂಟಿಸುತ್ತೇನೆ.

ಹುಬ್ಬಳ್ಳಿಯವರೇ, ಬಟ್ಟೆಬರೆ ತುಂಬಿಡುವ ಚೌಕದ ಪ್ಲಾಸ್ಟಿಕ್ ಪೆಟ್ಟಿಗೆ ಮಾತ್ರ ಕೊಳ್ಳಬೇಡಿ. ಅದು ಪಿಪಿ ಇರಬಹುದು, ಒಳ್ಳೆ ಮಾಲೂ ಇರಬಹುದು. ಆದರೆ ನೀರಿನ ಭಾರಕ್ಕೆ ಮಾಡಿದ್ದಲ್ಲ. ತುಂಬಿದರೆ ಪಕ್ಕದ ಗೋಡೆ ಹೊಟ್ಟೆ ಉಬ್ಬಿದ ಹಾಗೆ ಉಬ್ಬುತ್ತೆ, ಒಂದು ದಿನ ಮೂಲೆ ಸೀಳುತ್ತೆ. 100 ಲೀಟರ್ ಅಂದರೆ 100 ಕೆಜಿ. ದುಂಡಗಿನದು ತಗೊಳ್ಳಿ. ನೆಲ ಮಟ್ಟ ಇರೋ ಕಡೆ, ಬಿಸಿಲು ಬೀಳದ ಕಡೆ ಇಡಿ. ಹಾಲುಬಿಳಿ ಪಾತ್ರೆ ಬಿಸಿಲಲ್ಲಿಟ್ಟರೆ ಪಾಚಿ ಕಟ್ಟುತ್ತೆ, ಒಂದೆರಡು ವರ್ಷಕ್ಕೆ ಪ್ಲಾಸ್ಟಿಕ್ಕೂ ಪುಡಿಪುಡಿ ಆಗುತ್ತೆ. ಮುಟ್ಟಿದರೆ ಕೈಗೆ ಸುಣ್ಣದ ಹಾಗೆ ಹತ್ತಿತು ಅಂದರೆ ಬದಲಿಸುವ ಹೊತ್ತು ಬಂತು ಅಂತ.

ಗಪ್ಪಿ_ಹುಬ್ಬಳ್ಳಿ · ನಾಲ್ಕು ವಾರದ ನಂತರ, ಭಾನುವಾರ, ಸಂಜೆ 5:30

ಎಲ್ಲರಿಗೂ ಹೇಳಬೇಕು ಅಂತ ಬಂದೆ.

ಊದುಬತ್ತಿ ಡ್ರಮ್ಮಿನ ಮೇಲ್ಭಾಗ ಕೊಯ್ಯಿಸಿ ಬಚ್ಚಲೊಲೆಗೆ ತೆಂಗಿನ ಚಿಪ್ಪು ತುಂಬಿಡಲು ಇಟ್ಟಿದ್ದೇವೆ. ನೀರು ಅದಕ್ಕೆ ಯಾವತ್ತೂ ಬೀಳಲ್ಲ.

ಓಣಿಯ ಖಾನಾವಳಿಯವರು ಮೊಸರು ಬರುವ 15 ಲೀಟರಿನ ಬಿಳಿ ಬಕೆಟ್ ನಾಲ್ಕು ಕೊಟ್ಟರು. ತಳದಲ್ಲಿ 5, ಲೋಟ-ಫೋರ್ಕ್ ಚಿತ್ರ, ತಯಾರಿಸಿದವರ ಹೆಸರು, ಎಲ್ಲಾ ಇದೆ. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ, ಗಪ್ಪಿ ಮರಿ ಕೊಡಿ ಅಂದರು. ಅಡುಗೆ ಸೋಡಾ ಹಾಕಿ ಬಿಸಿನೀರಲ್ಲಿ ಎರಡು ಸಲ ತೊಳೆದ ಮೇಲೆ ಜಿಡ್ಡು ಹೋಯಿತು. ಉಳಿದದ್ದಕ್ಕೆ ಒಂದು ಹೊಸ 60 ಲೀಟರಿನ ದುಂಡು ಡ್ರಮ್ ಕೊಂಡೆ. ಅಂಗಡಿಯಲ್ಲೇ ಮುಚ್ಚಳದ ಅಂಚಿಂದ ಚೂರು ಕೆರೆದು ಲೋಟದ ನೀರಿಗೆ ಹಾಕಿದೆ, ತೇಲಿತು. ಅಂಗಡಿಯವರು ಕುತೂಹಲದಿಂದ ತಮ್ಮಲ್ಲಿದ್ದ ಇನ್ನೂ ಮೂರು ಬಕೆಟ್ಟಿನ ಚೂರು ಹಾಕಿ ನೋಡಿದರು. ಒಂದು ಮುಳುಗಿತು.

ರಾತ್ರಿ ಬಿಸಿನೀರು ತುಂಬಿಸಿಟ್ಟು ಬೆಳಿಗ್ಗೆ ಹೆಂಡತಿಯನ್ನು ಕರೆದು ಮೂಸಲು ಹೇಳಿದೆ. ಡ್ರಮ್ ಮೊದಲ ದಿನ ಪಾಸಾಗಲಿಲ್ಲ. "ಹೊಸ ಚಪ್ಪಲಿ ವಾಸನಿ ಬರ್ತದ" ಅಂದಳು. ಕಲ್ಲುಪ್ಪು ಹಾಕಿ ತಿಕ್ಕಿ, ನೀರು ಬದಲಿಸಿ, ಮೂರನೇ ದಿನ ಒಪ್ಪಿದಳು. ಅವತ್ತಿಂದ ನಾಲ್ಕು ಸಲ ನೀರು ಬದಲಿಸಿದ್ದೇನೆ. ಒಂದು ಮೀನಿಗೂ ಏನೂ ಆಗಿಲ್ಲ. ಏಂಜೆಲ್ ಜೋಡಿ ನಿನ್ನೆ ಫಿಲ್ಟರ್ ಪೈಪಿನ ಮೇಲೆ ಮೊಟ್ಟೆ ಇಟ್ಟಿವೆ. ಎರಡೂ ಸರದಿಯಲ್ಲಿ ರೆಕ್ಕೆಯಿಂದ ಗಾಳಿ ಹಾಕುತ್ತಾ ನಿಂತಿವೆ.

ಶಿವಮೊಗ್ಗದವರ ಹಾಗೆ ಡ್ರಮ್ ಮೇಲೆ ಬರೆದಿದ್ದೇನೆ. ಬಟ್ಟೆಗೆ ಅವ್ವನ ಹಳೇ ಹತ್ತಿ ಸೀರೆಯ ತುಂಡು.

ಕೆರೆಮೀನು_ಮೈಸೂರು · ಭಾನುವಾರ, ಸಂಜೆ 6:00

ಓದಿ ಕಣ್ಣು ತುಂಬಿ ಬಂತು. ಮೊಟ್ಟೆಯಲ್ಲಿ ಬೆಳ್ಳಗಾದವು ಇದ್ದರೆ ಅವು ಕೆಟ್ಟವು, ತಾಯಿ ತಂದೆಯೇ ತೆಗೆಯುತ್ತವೆ. ನೀವು ಕೈ ಹಾಕಬೇಡಿ. ಈ ವಾರ ನೀರು ಜಾಸ್ತಿ ಬದಲಿಸಬೇಡಿ, ಹತ್ತು ಲೀಟರ್ ಸಾಕು.

ಗಪ್ಪಿ_ಹುಬ್ಬಳ್ಳಿ · ಭಾನುವಾರ, ಸಂಜೆ 6:20

ಸರಿ ಅಕ್ಕ. ಹಾಗಾದರೆ ಮೊಸರಿನ ಬಕೆಟ್ ಒಂದೇ ಸಾಕು. ನಾಳೆ ನಲ್ಲಿ ಬರುವ ದಿನ, ಉಳಿದ ಮೂರನ್ನೂ ತುಂಬಿಸಿಡುತ್ತೇನೆ.